ಹುಣಸೆಹಣ್ಣು ಹಚ್ಚಿ ತೊಳೆದ ಮ್ಯಾಗಜಿನ್

ಮ್ಯಾಗಜಿನ್ನು ಮತ್ತೆ ಬಿತ್ತು.

ಒತ್ತಿ ಕೂಡಿಸಿ, ಬುಡಕ್ಕೆ ಅಂಗೈಯಿಂದ ಒಂದು ಗುದ್ದು ಕೊಟ್ಟು, ಅಂತೂ ಕೂತಿತಲ್ಲ ಎಂದು ನೇತ್ರಾ ಎಡಗೈ ಚಾಚಿ ಗೋಡೆಯ ಮೇಲಿನ ಕರಿ ಚುಕ್ಕೆಗೆ ಗುರಿ ಹಿಡಿದದ್ದೇ ತಡ, ಖಾಲಿ ಪಿಸ್ತೂಲಿನ ಹಿಡಿಕೆಯೊಳಗಿಂದ ಗುಂಡು ತುಂಬುವ ಆ ಡಬ್ಬಿ ಜಾರಿ ಕಾಲ ಬಳಿ ಬಿತ್ತು. ತವರುಮನೆ ನವಲಗುಂದದಿಂದ ತಂದ ಜಮಖಾನ ಹಾಸಿಕೊಂಡಿದ್ದರಿಂದ ಸಪ್ಪಳವೂ ಆಗಲಿಲ್ಲ. ಸಪ್ಪಳವಾದರೂ ಆಗಿದ್ದರೆ ಸಿಟ್ಟಿಗೆ ಒಂದಿಷ್ಟು ಸಮಾಧಾನವಿರುತ್ತಿತ್ತು.

"ಬಿತ್ತೇನು?" ಪಡಸಾಲೆಯಿಂದ ಗಂಡ ಈರೇಶ ಕೇಳಿದ.

"ಇಲ್ರಿ, ರೆಕ್ಕಿ ಬಂದು ಹಾರಿ ಹೋತು."

ಹುಬ್ಬಳ್ಳಿಯಿಂದ ಆ ಹೊಸ ಮ್ಯಾಗಜಿನ್ನುಗಳನ್ನು ತಂದವನು ಅವನೇ. ದುಮ್ಮವಾಡದ ಈ ಮನೆಯಲ್ಲಿ ನೇತ್ರಾಳ ಪಿಸ್ತೂಲಿನ ಬಗ್ಗೆ ಒಂದಿಷ್ಟಾದರೂ ಕಳಕಳಿ ಇದ್ದವನೆಂದರೆ ಅವನೊಬ್ಬನೇ. ಅದಕ್ಕೇ ಅವನ ಮೇಲೆ ರೇಗಲೂ ಮನಸ್ಸು ಬಾರದೆ, ರೇಗದೆ ಇರಲೂ ಆಗದೆ ಅವಳು ಹಲ್ಲು ಕಡಿಯುತ್ತಿದ್ದಳು.

ಅಂದು ಶುಕ್ರವಾರ. ಭಾನುವಾರ ರಾಜ್ಯದ ಶೂಟಿಂಗ್ ತಂಡದ ಆಯ್ಕೆ. ಹಿಂದಿನ ಎರಡು ವರ್ಷವೂ ಕೂದಲೆಳೆಯಲ್ಲಿ ತಪ್ಪಿಹೋಗಿತ್ತು. ಯುಗಾದಿಯ ದಿನ ಬೇವು-ಬೆಲ್ಲ ತಿನ್ನುತ್ತಲೇ ಮಾವ ಮಡಿವಾಳೆಪ್ಪ ತೀರ್ಮಾನ ಹೇಳಿಬಿಟ್ಟಿದ್ದ: "ಈ ಸಲ ಆತು ಅಂದ್ರ ಛಲೋ. ಆಗಲಿಲ್ಲ ಅಂದ್ರ ಅದನ್ನ ಬೇಕಾದಾವ್ರಿಗೆ ಕೊಟ್ಟುಬಿಡೂಣು. ಮನಿಗೆ ಸೊಸಿ ಬೇಕವಾ, ಫೌಜದಾರ ಬ್ಯಾಡ." ಮಡಿವಾಳೆಪ್ಪ ಕೆಟ್ಟವನಲ್ಲ. ಆದರೆ ಒಮ್ಮೆ ಆಡಿದ ಮಾತನ್ನು ತಿರುಗಿ ತಗೊಳ್ಳುವುದು ಉಗುಳಿದ್ದನ್ನು ನುಂಗಿದಂತೆ ಎಂದು ತಿಳಿದವನು. ಭಾನುವಾರ ತಪ್ಪಿದರೆ ಪಿಸ್ತೂಲು ಹೋದಂತೆಯೇ.

ನೇತ್ರಾ ಎಡಚಿ. ಉಣ್ಣುವುದು ಬಲಗೈಲಿ, ನೀಡುವುದು ಬಲಗೈಲಿ, ದೇವರಿಗೆ ಹೂವು ಏರಿಸುವುದು ಬಲಗೈಲಿ; ಚಿಕ್ಕಂದಿನಿಂದ ಬೈಸಿಕೊಂಡು, ಬೆರಳ ಗಂಟಿಗೆ ಏಟು ತಿಂದು ಇಷ್ಟನ್ನೂ ಕಲಿತಿದ್ದಳು. ಕಾಲೇಜಿನ ಎನ್‌ಸಿಸಿಯಲ್ಲಿ ಮೊದಲ ಸಲ ಬಂದೂಕು ಕೈಗೆ ಕೊಟ್ಟಾಗ ಮಾತ್ರ ಕಲಿತದ್ದೆಲ್ಲ ಮರೆತು ಎಡ ಭುಜಕ್ಕೇ ಏರಿಸಿದಳು. ಅಲ್ಲಿದ್ದ ಸುಬೇದಾರರು ಬೈಯಲಿಲ್ಲ. ಗುಂಡು ಬಿದ್ದ ಜಾಗ ನೋಡಿ, "ಹಂಗ ಹಿಡಿ, ಬದಲಿ ಮಾಡಬ್ಯಾಡ" ಎಂದರು. ಆ ಕೈಗೆ ಹುಟ್ಟಿದಾಗಿನಿಂದ ಸಿಕ್ಕ ಮೊದಲ ಮರ್ಯಾದೆ ಅದು.

ಮುಂದೆ ಪುಣೆಯಲ್ಲಿ ಆಟ ಬಿಟ್ಟ ಒಬ್ಬ ಎಡಚನಿಂದ, ಲೈಸೆನ್ಸು, ಪರವಾನಗಿ ಎಂದು ಕಚೇರಿಗಳ ಹೊಸ್ತಿಲು ಸವೆಸಿ, ಈ ಪಿಸ್ತೂಲನ್ನು ತಂದುಕೊಂಡಿದ್ದಳು. ಅದರ ಮರದ ಹಿಡಿಕೆ ಎಡಗೈಗೆಂದೇ ಕೆತ್ತಿದ್ದು. ಮ್ಯಾಗಜಿನ್ನನ್ನು ಬಿಡಿಸುವ ಗುಂಡಿಯೂ ಎಡಗೈ ಹೆಬ್ಬೆರಳಿಗೆ ಸಿಗುವಂತೆ ಬಲ ಮಗ್ಗುಲಿಗೆ ಇತ್ತು. ಲೋಕದ ಪಿಸ್ತೂಲುಗಳಲ್ಲೆಲ್ಲ ಸಾಮಾನ್ಯವಾಗಿ ಅದು ಎಡ ಮಗ್ಗುಲಿಗೆ ಇರುತ್ತದೆ. ಒಳಗಿನ ಲೆಕ್ಕವೂ ಸರಳವೇ. ಮ್ಯಾಗಜಿನ್ನು ಹಿಡಿಕೆಯೊಳಗೆ ಹೋಗಿ ಕೂತರೆ ಒಂದು ಕೊಂಡಿ ಅದರ ಮೈಯ ಕಚ್ಚಿಗೆ ಸಿಕ್ಕಿ ಹಿಡಿಯುತ್ತದೆ. ಗುಂಡಿ ಒತ್ತಿದರೆ ಬಿಡುತ್ತದೆ. ಗುಂಡಿಯನ್ನು ಮಗ್ಗುಲು ಬದಲಿಸಿದರೆ ಕೊಂಡಿಯೂ ಮಗ್ಗುಲು ಬದಲಿಸುತ್ತದೆ. ಆಗ ಮ್ಯಾಗಜಿನ್ನಿಗೆ ಆಚೆ ಕೆನ್ನೆಯಲ್ಲೂ ಕಚ್ಚು ಬೇಕು. ಪಿಸ್ತೂಲಿನ ಜೊತೆ ಬಂದಿದ್ದ ಎರಡು ಅಸಲಿ ಮ್ಯಾಗಜಿನ್ನುಗಳಿಗೆ ಎರಡೂ ಕೆನ್ನೆಯಲ್ಲಿ ಕಚ್ಚಿತ್ತು. ಈಗ ಈರೇಶ ತಂದ, ಬೇರೆ ಯಾರೋ ಮಾಡಿ ಮಾರುವ ಮ್ಯಾಗಜಿನ್ನುಗಳಿಗೆ ಕಚ್ಚು ಒಂದೇ ಕೆನ್ನೆಯಲ್ಲಿ. ಅದೂ ಲೋಕದವರೆಲ್ಲರ ಕೆನ್ನೆಯಲ್ಲಿ, ನೇತ್ರಾಳದ್ದರಲ್ಲಿ ಅಲ್ಲ.

ಹಾಗಾದರೆ ಅಸಲಿ ಎರಡು ಏನಾದವು? ಅದನ್ನು ನೆನೆದರೆ ನೇತ್ರಾಳಿಗೆ ಈಗಲೂ ಮೈಯೆಲ್ಲ ಉರಿಯುತ್ತಿತ್ತು.

ಮಹಾನವಮಿಗೆ ಖಂಡೆ ಪೂಜೆ. ಮನೆಯ ಕುಡಗೋಲು, ಕೊಡಲಿ, ಕೂರಿಗೆಯ ಕುಡ, ಟ್ರ್ಯಾಕ್ಟರಿನ ಪಾನಾ ಎಲ್ಲವನ್ನೂ ತೊಳೆದು ದೇವರ ಜಗಲಿಯ ಮುಂದೆ ಇಟ್ಟು ವಿಭೂತಿ ಹಚ್ಚುವುದು ರೂಢಿ. ಪಿಸ್ತೂಲನ್ನು ನೇತ್ರಾ ತಾನೇ ಪೆಟ್ಟಿಗೆ ಸಮೇತ ಇಟ್ಟು, ಪೆಟ್ಟಿಗೆಗಷ್ಟೇ ವಿಭೂತಿ ಹಚ್ಚುವವಳಿದ್ದಳು. ಆದರೆ ಮ್ಯಾಗಜಿನ್ನುಗಳು ಗೂಟದ ಮೇಲಿನ ಚೀಲದಲ್ಲಿದ್ದವು. ಅವಳು ಹೂವು ತರಲು ಕಲಘಟಗಿ ಪೇಟೆಗೆ ಹೋಗಿದ್ದಾಗ ಅತ್ತೆ ಕಸ್ತೂರೆವ್ವನ ಕಣ್ಣಿಗೆ ಬಿದ್ದವು. ಕಸ್ತೂರೆವ್ವ ದೇವರ ಕೆಲಸಕ್ಕೆ ಅರ್ಧಂಬರ್ಧ ಒಪ್ಪುವ ಹೆಂಗಸಲ್ಲ. ತಾಮ್ರದ ಕೊಡ ತಿಕ್ಕುವಂತೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದಳು. ಒಳಗೂ ಹೊಲಸು ಇರಬಾರದೆಂದು ತಳ ಎಳೆದು ತೆಗೆದಳು. ಸ್ಪ್ರಿಂಗು ಚಿಮ್ಮಿ ಹೊರಬಿತ್ತು. ಅದನ್ನೂ ತಿಕ್ಕಿ, ತಿರುಚಿ, ಮತ್ತೆ ಒಳಗೆ ತುರುಕಿ, ಮಾಳಿಗೆಯ ಮೇಲೆ ಕುಡಗೋಲುಗಳ ಜೊತೆ ಒಣಹಾಕಿದಳು.

ಸಂಜೆ ನೇತ್ರಾ ಬಂದು ನೋಡಿದಾಗ ಹೊರಗಿನಿಂದ ಎರಡೂ ಬೆಳ್ಳಿಯಂತೆ ಹೊಳೆಯುತ್ತಿದ್ದವು. ಒಳಗೆ ಸ್ಪ್ರಿಂಗು ಡೊಂಕಾಗಿ, ಆಗಲೇ ಕೆಂಪಡರಿ, ಒಂದು ಗುಂಡನ್ನೂ ಮೇಲೆತ್ತದಂತಾಗಿತ್ತು.

"ಹ್ಯಾಂಗ ಹೊಳಿಯಾಕತ್ತಾವ ನೋಡು," ಎಂದಳು ಕಸ್ತೂರೆವ್ವ, ಶಭಾಶ್ ಅನಿಸಿಕೊಳ್ಳುವ ಮುಖ ಹೊತ್ತು.

ಆ ಮುಖಕ್ಕೆ ಏನು ಹೇಳುವುದು? ಹಬ್ಬದ ದಿನ, ದೇವರ ಕೆಲಸ, ಮೇಲೆ ಅತ್ತೆ. ನೇತ್ರಾ ಪೂಜೆ ಮುಗಿಯುವವರೆಗೂ ಕಾದಳು. ಮರುದಿನ ದಶಮಿ, ಹಗಲೆಲ್ಲ ಆ ಎರಡರ ಸ್ಪ್ರಿಂಗು ತೆಗೆದು, ಎಣ್ಣೆ ಹಾಕಿ, ನೆಟ್ಟಗೆ ಮಾಡಿ ನೋಡಿದಳು, ಆಗಲಿಲ್ಲ. ಸಂಜೆ ಬನ್ನಿ ಕೊಡುವ ಹೊತ್ತಿಗೆ ಅವಳ ತಾಳ್ಮೆ ತಳ ಕಂಡಿತ್ತು. ಬಲಗೈಯಲ್ಲಿ ಮ್ಯಾಗಜಿನ್ನು ಹಿಡಿದೇ, ಎಡಗೈಲಿ ಬನ್ನಿ ಎಲೆ ಚಾಚಿ, "ತಗೋರಿ ಅತ್ತಿ, ಬಂಗಾರದಂಗ ಇರೂಣು" ಎಂದಳು, ಅರೆಮನಸ್ಸಿನಲ್ಲಿ.

ಕಸ್ತೂರೆವ್ವ ಮುಂದೆ ಮಾಡಿದ್ದ ಕೈ ಹಿಂದಕ್ಕೆ ತಗೊಂಡಳು. "ಎಡಗೈಲೆ ಬಂಗಾರ ಕೊಡ್ತಾರೇನವಾ? ಅದನ್ನ ಅತ್ತಾಗ ಇಟ್ಟು ಬಲಗೈಲೆ ಕೊಡು."

"ಇಡಾಕ ಏನ್ ಉಳಿಸೀರಿ ಅತ್ತಿ? ಎಲ್ಲಾ ತೊಳದು ಗುಡಿಸಿ ಹಾಕೀರಲ್ಲ!" ಎಂದವಳೇ ನೇತ್ರಾ ಬನ್ನಿಯನ್ನು ಕಟ್ಟೆಯ ಮೇಲೆ ಇಟ್ಟು, ಹಿತ್ತಲಿಗೆ ಹೋಗಿ ಎರಡೂ ಮ್ಯಾಗಜಿನ್ನುಗಳನ್ನು ತಿಪ್ಪೆಗೆ ಒಗೆದು ಬಂದಳು. ಅಂದಿನಿಂದ ಅತ್ತೆ-ಸೊಸೆಯ ನಡುವೆ ಮಾತು ಬೇಕಾದಷ್ಟೇ, ಉಪ್ಪು ಹಾಕಿದಷ್ಟು.

ಅದಾದ ಮೇಲೆ ಈ ಹೊಸ ಮ್ಯಾಗಜಿನ್ನುಗಳ ಕಾಟ. ಶನಿವಾರ ಬೆಳಿಗ್ಗೆ ಪಿಸ್ತೂಲು ಕಟ್ಟಿಕೊಂಡು, ಈರೇಶನ ಬೈಕಿನ ಹಿಂದೆ ಕೂತು, ಹುಬ್ಬಳ್ಳಿಯಲ್ಲಿ ಲೈಸೆನ್ಸು ಪಡೆದ ಬಂದೂಕಿನ ಅಂಗಡಿ ಇಟ್ಟಿದ್ದ ಬಾಷಾಸಾಬನ ಹತ್ತಿರ ಹೋದಳು.

"ಅಕ್ಕಾರ, ಇದರಾಗ ನಂದೇನ್ ತಪ್ಪೈತಿ?" ಎಂದ ಬಾಷಾಸಾಬ. "ನೀವು ಇಂಥಾ ಪಿಸ್ತೂಲಿಗೆ ಮ್ಯಾಗಜಿನ್ ಅಂದ್ರಿ, ಕೊಟ್ಟೆ. ಎಡಗೈಗೆ ಅಂತ ಯಾರ್ ಹೇಳಿದ್ರು?"

ನೇತ್ರಾ ಗಂಡನ ಕಡೆ ನೋಡಿದಳು. ಈರೇಶ ಗೋಡೆಯ ಕ್ಯಾಲೆಂಡರ್ ನೋಡಿದ.

"ಈ ಕಡೆ ಒಂದು ಕಚ್ಚು ಕೊಯ್ದು ಕೊಡ್ರಲ್ಲ ಮತ್ತ," ಎಂದ ಕ್ಯಾಲೆಂಡರಿಗೇ ಹೇಳುವಂತೆ.

"ತೆಳ್ಳನ ತಗಡ್ರಿ ಅದು. ಕೊಯ್ದ್ರ ಸೊಟ್ಟಾಗತೈತಿ. ಅದರಕಿಂತ ಗುಂಡೀನ ಈ ಮಗ್ಗಲಿಗೆ ತರೂಣು. ಮ್ಯಾಗಜಿನ್ ಅಗದಿ ಗಟ್ಟಿ ಕುಂದರತಾವ."

ಬೇರೆ ದಾರಿ ಇರಲಿಲ್ಲ. ಬಾಷಾಸಾಬ ಗುಂಡಿಯನ್ನು ಎಡ ಮಗ್ಗುಲಿಗೆ ಬದಲಿಸಿದ. ಹೊಸ ಮ್ಯಾಗಜಿನ್ನು ಹಾಕಿದ. ಕಟ್ ಎಂದು ಕೂತಿತು. ಜಗ್ಗಿದರೂ ಬರಲಿಲ್ಲ. ಈರೇಶನ ಮುಖ ಅರಳಿತು. ಚಹಾ ತರಿಸುತ್ತೇನೆಂದು ಎದ್ದೇ ಬಿಟ್ಟ. ನೇತ್ರಾ ಪಿಸ್ತೂಲನ್ನು ಎಡಗೈಗೆ ತಗೊಂಡು, ಗುರಿ ಹಿಡಿಯುವಾಗ ಬಿಗಿಯುವಷ್ಟೇ ಬಿಗಿದಳು. ತೋರುಬೆರಳಿನ ಬುಡದ ಗಂಟು ನೇರವಾಗಿ ಗುಂಡಿಯ ಮೇಲೆ ಬಂತು. ಗುಂಡಿ ಒಳಗೆ ಹೋಯಿತು. ಮ್ಯಾಗಜಿನ್ನು ಗಾಜಿನ ಮೇಜಿನ ಮೇಲೆ ಠಣ್ಣೆಂದು ಬಿತ್ತು. ಈ ಸಲ ಸಪ್ಪಳವಾಯಿತು. ಸಮಾಧಾನ ಮಾತ್ರ ಆಗಲಿಲ್ಲ.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಗುಂಡಿ ಅವಳ ಕೈಗೆ ಹೊಂದಿದರೆ ಮ್ಯಾಗಜಿನ್ನು ಗುಂಡಿಗೆ ಹೊಂದುವುದಿಲ್ಲ. ಮ್ಯಾಗಜಿನ್ನಿಗೆ ಗುಂಡಿ ಹೊಂದಿದರೆ ಕೈಗೆ ಹೊಂದುವುದಿಲ್ಲ. ಸಡಿಲ ಹಿಡಿದರೆ ಗುರಿ ನಿಲ್ಲುವುದಿಲ್ಲ. ಸ್ಪರ್ಧೆಯ ನಡುವೆ ಮ್ಯಾಗಜಿನ್ನು ಉದುರಿದರೆ ತೀರ್ಪುಗಾರರು ಸಲಕರಣೆಯ ದೋಷ ಎನ್ನುವುದಿಲ್ಲ, ನಿನ್ನ ಹಿಡಿತದ ದೋಷ ಎನ್ನುತ್ತಾರೆ. ಉಳಿದ ಗುಂಡುಗಳಿಗೆ ಸೊನ್ನೆ.

"ಬಲಗೈಲೆ ಹೊಡದ್ರ ಹ್ಯಾಂಗ?" ಈರೇಶ ಮೆಲ್ಲಗೆ ಕೇಳಿದ.

"ನೀವು ನಾಳಿಂದ ಎಡಗೈಲೆ ಸಹಿ ಮಾಡ್ರಿ. ಬ್ಯಾಂಕಿನವ್ರು ಒಪ್ಪಿದ್ರ ನಾನೂ ಬಲಗೈಲೆ ಹೊಡೀತೇನಿ."

ಬಾಷಾಸಾಬ ನಗು ನುಂಗಿಕೊಂಡು ಗುಂಡಿಯನ್ನು ಮೊದಲಿದ್ದ ಮಗ್ಗುಲಿಗೇ ತಿರುಗಿ ಹಾಕಿಕೊಟ್ಟ. ಹೊರಡುವಾಗ, ಸ್ಪ್ರಿಂಗು ಹಾಳಾದ ಕಥೆಯನ್ನು ಈರೇಶನಿಂದ ತಿಳಿದು, ಒಂದು ಮಾತು ಕೇಳಿದ: "ಅಕ್ಕಾರ, ಹಳೇವು ಎಲ್ಲದಾವ? ಸ್ಪ್ರಿಂಗ್ ಹೋದ್ರ ಹೋಗವಲ್ದ್ಯಾಕ. ಮೈ ನೆಟ್ಟಗಿದ್ರ ಸಾಕು, ಹೊಸಾದ್ರ ಸ್ಪ್ರಿಂಗ್ ಅದರಾಗ ಕುಂದರತೈತಿ. ಅಳತಿ ಒಂದ ಐತಿ."

ಹಳೆಯವು ಎಲ್ಲಿವೆ? ತಿಪ್ಪೆಯಲ್ಲಿ. ಅತ್ತೆ ಹಾಳು ಮಾಡಿದ್ದು ಬರೀ ಸ್ಪ್ರಿಂಗನ್ನು. ಎರಡು ಕೆನ್ನೆಯ ಕಚ್ಚಿನ ಆ ಚಿನ್ನದಂಥ ಮೈಯನ್ನು ಒಗೆದವಳು ತಾನು. ಇಷ್ಟು ದಿನ ಊರಿನವರ ಮೇಲೆಲ್ಲ ಹರಿದಿದ್ದ ಸಿಟ್ಟು ಈಗ ಗಕ್ಕನೆ ತಿರುಗಿ ಅವಳ ಮೇಲೇ ಬಂತು. ದಾರಿಯುದ್ದಕ್ಕೂ ಅವಳು ಗಂಡನ ಬೆನ್ನಿಗೆ ಒಂದೇ ಮಾತು ಹೇಳುತ್ತಿದ್ದಳು: "ಜಲ್ದಿ ಹೋಗ್ರಿ."

ಮನೆ ಮುಟ್ಟಿದವಳು ಪೆಟ್ಟಿಗೆಯನ್ನು ಬೀಗದಲ್ಲಿಟ್ಟು, ಸೀರೆ ಎತ್ತಿ ಕಟ್ಟಿ ಸೀದಾ ಹಿತ್ತಲಿಗೆ ನಡೆದಳು. ಮೂಲೆಯಲ್ಲಿದ್ದ ಸಲಿಕೆ ತಗೊಂಡು ತಿಪ್ಪೆ ಕೆದರತೊಡಗಿದಳು. ಮೇಲಿನ ಸಗಣಿ, ಅದರಡಿ ಜೋಳದ ಸೊಪ್ಪೆ, ಅದರಡಿ ಹಬ್ಬದ ಬಾಳೆ ಎಲೆ, ಕಾಯಿಯ ಚಿಪ್ಪು. ಮಡಿವಾಳೆಪ್ಪ ದನಕ್ಕೆ ನೀರು ಕುಡಿಸಲು ಬಂದವನು ನಿಂತು ನೋಡಿದ.

"ಏನ್ ಹುಡಕಾಕತ್ತೀಯವಾ?"

"ಮ್ಯಾಗಜಿನ್ ರಿ ಮಾವಾರ."

"ನಾಳೆ ಆಟ, ಇವತ್ತು ತಿಪ್ಯಾಗ ಹುಡಕಾಟ," ಎಂದ. "ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ. ಸುಮ್ನ ಬಿಡು ಇನ್ನ."

ನೇತ್ರಾ ಇನ್ನೂ ಜೋರಾಗಿ ಕೆದರಿದಳು. ಕಣ್ಣಲ್ಲಿ ನೀರು ಬಂದದ್ದು ತಿಪ್ಪೆಯ ಘಾಟಿಗೆ ಎಂದು ಯಾರಾದರೂ ತಿಳಿದುಕೊಂಡರೆ ತಿಳಿದುಕೊಳ್ಳಲಿ. ಮುಂಗೈವರೆಗೆ ಸಗಣಿಯಾಗಿತ್ತು. ಆಗ ಅಡುಗೆಮನೆಯ ಬಾಗಿಲಲ್ಲಿ ಕಸ್ತೂರೆವ್ವ ಬಂದು ನಿಂತಳು.

"ಏನು ಕಳದೈತಿ?"

"ನೀವು ತೊಳದ ಡಬ್ಬಿ, ಅತ್ತಿ. ನಾನ ಒಗದಿದ್ದೆ ಇಲ್ಲಿ."

"ಅಲ್ಲೆಲ್ಲೈತಿ ಅದು?" ಕಸ್ತೂರೆವ್ವನ ದನಿಯಲ್ಲಿ ನಿಜವಾದ ಆಶ್ಚರ್ಯ. "ಪೂಜಿ ಆಗಿದ್ದನ್ನ ತಿಪ್ಪಿಗೆ ಒಗೀತಾರೇನ? ನೀ ಸಿಟ್ಟಿಲೆ ಒಗದು ಬಂದಿ, ನಾ ಹಿಂದಿಂದ ಹೋಗಿ ಆರಿಸ್ಕೊಂಡು ಬಂದೆ. ಜಗಲಿ ಮ್ಯಾಲ ಅದಾವ."

ನೇತ್ರಾ ಸಲಿಕೆಯನ್ನು ತಿಪ್ಪೆಗೆ ನೆಟ್ಟಳು. ಅವಳಿಗೆ ನಗು ಬಂತೋ, ಅಳು ಬಂತೋ, ಕಿರುಚಬೇಕೆನಿಸಿತೋ ಅವಳಿಗೇ ತಿಳಿಯಲಿಲ್ಲ. "ಮೊದಲ ಹೇಳಬಾರದಿತ್ತೇನ್ರಿ?" ಎಂದಷ್ಟೇ ಅಂದಳು.

"ನೀ ಕೇಳಿದಿ ಏನು?"

ಕೇಳಿರಲಿಲ್ಲ. ಮಾತೇ ಆಡಿರಲಿಲ್ಲವಲ್ಲ. ಕೈಕಾಲು ತೊಳೆದು ಒಳಗೆ ಹೋಗಿ ನೋಡಿದರೆ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕ, ಎರಡೂ ಮ್ಯಾಗಜಿನ್ನುಗಳು ಹೂವು ಏರಿಸಿಕೊಂಡು ಕೂತಿದ್ದವು. ಆತುರಕ್ಕೆ ಎಡಗೈ ಮುಂದೆ ಹೋಯಿತು.

"ಬಲಗೈಲೆ ತಗೋ," ಹಿಂದಿನಿಂದ ಕಸ್ತೂರೆವ್ವ ಎಂದಳು.

ಈ ಹೊತ್ತಿನಲ್ಲೂ! ನೇತ್ರಾ ಕಣ್ಣು ಮುಚ್ಚಿ, ಉಸಿರು ಬಿಗಿ ಹಿಡಿದು, ಬಲಗೈಲಿ ತಗೊಂಡಳು. ಹಳೆಯದರ ತುಕ್ಕು ಹಿಡಿದ ಸ್ಪ್ರಿಂಗು ತೆಗೆದು, ಹೊಸದರ ಹೊಟ್ಟೆ ಬಿಚ್ಚಿ ಅದರೊಳಗಿನ ಸ್ಪ್ರಿಂಗನ್ನು ಇದಕ್ಕೆ ತುಂಬಿದಳು. ತಳ ಜಾರಿಸಿ ತೆಗೆಯುವುದು ಒಂದು ಕಡೆ ಬಿಗಿಯಾದಾಗ ಕಸ್ತೂರೆವ್ವ ಬಗ್ಗಿ, "ಒಂಚೂರು ಒತ್ತಿ ಜಗ್ಗು, ಬರ್ತೈತಿ, ನಾ ತಗದೇನಲ್ಲ" ಎಂದಳು, ಅಪರಾಧವೋ ಅಧಿಕಾರವೋ ತಿಳಿಯದ ದನಿಯಲ್ಲಿ. ಹಳೆ ದಿಂಬಿಗೆ ಹೊಸ ಹತ್ತಿ ತುಂಬಿದಂತಾಯಿತು. ಪಿಸ್ತೂಲಿಗೆ ಹಾಕಿ, ಎಡಗೈಲಿ ಬಿಗಿದು, ಜಮಖಾನದ ಮೇಲೆ ನಿಂತಳು. ಕಾದಳು. ಅಲ್ಲಾಡಿಸಿದಳು. ಬೀಳಲಿಲ್ಲ.

ಭಾನುವಾರ ಬೆಳಿಗ್ಗೆ ಈರೇಶ ಬಾಡಿಗೆ ಕಾರು ತಂದರೆ ಕಸ್ತೂರೆವ್ವ ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದಳು, ಮಡಿಲಲ್ಲಿ ರೊಟ್ಟಿ-ಶೇಂಗಾ ಚಟ್ನಿಯ ಗಂಟು.

"ನೀವ್ಯಾಕ ಅತ್ತಿ?"

"ತೊಳದಾಕಿ ನಾನು. ನಡೀತೈತೋ ಇಲ್ಲೋ, ನಾನ ನೋಡಬೇಕು."

ಬೇಡವೆಂದರೆ ಕೇಳುವ ಜಾತಿಯಲ್ಲ. ನೇತ್ರಾ ಹಣೆ ಚಚ್ಚಿಕೊಂಡು ಕೂತಳು. ಹುಬ್ಬಳ್ಳಿಯ ಆಚೆಯ ಶೂಟಿಂಗ್ ರೇಂಜಿನಲ್ಲಿ ನೋಡುವವರಿಗೆ ಹಾಕಿದ್ದ ಬೆಂಚಿನ ಮೊದಲ ಸಾಲಿಗೇ ಹೋಗಿ ಕೂತ ಕಸ್ತೂರೆವ್ವ, ಮೊದಲ ಗುಂಡಿನ ಸಪ್ಪಳಕ್ಕೆ "ಶಿವಶಿವಾ" ಎಂದು ಕೂಗಿ ಒಬ್ಬ ತೀರ್ಪುಗಾರನಿಂದ ಬೈಸಿಕೊಂಡಳು. ಆಮೇಲೆ ಚೀಲದಿಂದ ದೇವರ ಬತ್ತಿಯ ಹತ್ತಿ ತೆಗೆದು ಎರಡೂ ಕಿವಿಗೆ ತುರುಕಿಕೊಂಡಳು. ನೇತ್ರಾಳಿಗೆ ನೆಲ ಬಾಯಿ ಬಿಟ್ಟರೆ ಸಾಕಾಗಿತ್ತು.

ಆದರೆ ತನ್ನ ಸರದಿ ಬಂದು, ಎಡಗೈ ಎತ್ತಿದ ಮೇಲೆ, ಅತ್ತೆಯೂ ಇರಲಿಲ್ಲ, ಮಾವನೂ ಇರಲಿಲ್ಲ. ಒಂದೇ ಭಯ ಉಳಿದಿತ್ತು, ಅದು ಹಿಡಿಕೆಯೊಳಗೆ ಕೂತಿತ್ತು. ಪ್ರತಿ ಗುಂಡಿನ ಒದೆತಕ್ಕೂ ಈಗ ಬಿತ್ತು, ಈಗ ಬಿತ್ತು ಎಂದು ಮನಸ್ಸು ಹೇಳುತ್ತಿತ್ತು. ಮೊದಲ ಸುತ್ತು ಆ ಅಂಜಿಕೆಯಲ್ಲೇ ಹಾಳಾಯಿತು. ಎರಡನೆಯದರಲ್ಲಿ ಅವಳಿಗೆ ಇದ್ದಕ್ಕಿದ್ದಂತೆ ತನ್ನ ಮೇಲೇ ರೇಗಿತು. ಬಿದ್ದರೆ ಬೀಳಲಿ, ಮುಗಿದುಹೋಗಲಿ, ಸಾಕಾಗಿದೆ ಎಂದುಕೊಂಡಳು. ಅಲ್ಲಿಂದ ಕೈ ನಿಂತಿತು. ಗುಂಡುಗಳು ಒಂದರ ಮೈ ಒಂದು ತಾಕುವಂತೆ ನಡುವಿಗೆ ಹೋಗಿ ಬಿದ್ದವು. ಹುಣಸೆಹಣ್ಣು ಹಚ್ಚಿ ತೊಳೆದ ಮ್ಯಾಗಜಿನ್ನು ಕೊನೆಯವರೆಗೂ ಅಲುಗಾಡಲಿಲ್ಲ.

ಮಧ್ಯಾಹ್ನ ಹೆಸರು ಓದಿದರು. ತಂಡದ ಕೊನೆಯ ಹೆಸರು ಅವಳದು. ಕೊನೆಯದಾದರೇನು, ತಂಡದ್ದು.

ಈರೇಶ ಅಪ್ಪನಿಗೆ ಫೋನು ಹಚ್ಚಿ ಜೋರು ಮಾಡಿ ಹಿಡಿದ. ಆ ಕಡೆ ದನದ ಗಂಟೆಯ ಸಪ್ಪಳ. ಮಡಿವಾಳೆಪ್ಪ, "ಹಂಗಾರ ಫೌಜದಾರ್ತಿ ಉಂಡಾಳೇನು ಕೇಳು" ಎಂದ. ಅವನಿಂದ ಅದಕ್ಕಿಂತ ಹೆಚ್ಚು ಯಾರೂ ಬಯಸಿರಲಿಲ್ಲ.

ಕಸ್ತೂರೆವ್ವ ಬೇವಿನ ಗಿಡದ ನೆರಳಿಗೆ ಗಂಟು ಬಿಚ್ಚಿ ಕೂತಿದ್ದಳು. ಕಿವಿಯಲ್ಲಿ ಇನ್ನೂ ಹತ್ತಿ ಇತ್ತು. ನೇತ್ರಾ ಹತ್ತಿರ ಬಂದು ಕೂತಾಗ ಸೆರಗಿನ ತುದಿಯ ಗಂಟು ಬಿಚ್ಚಿದಳು. ಒಳಗಿದ್ದದ್ದು ಒಣಗಿ ಮುದುಡಿದ ಬನ್ನಿ ಎಲೆಗಳು. ದಶಮಿಯ ಸಂಜೆ ನೇತ್ರಾ ಕಟ್ಟೆಯ ಮೇಲೆ ಇಟ್ಟು ಹೋದವೇ. ಅದನ್ನೂ ಈ ಹೆಂಗಸು ಎತ್ತಿಟ್ಟುಕೊಂಡಿದ್ದಳು.

"ಅವತ್ತು ನೀ ಕೊಟ್ಟಿ, ನಾ ತಗೊಳ್ಳಲಿಲ್ಲ," ಎಂದಳು, ಕಿವಿ ಮುಚ್ಚಿದ್ದರಿಂದ ಬೇಕಾದ್ದಕ್ಕಿಂತ ಜೋರಾಗಿ. ಆ ಕಡೆ ಈ ಕಡೆ ಕೂತವರೆಲ್ಲ ತಿರುಗಿ ನೋಡಿದರು. "ಮನ್ಯಾಗ ಬನ್ನಿ ಉಳಕೊಂಡೈತಿ. ಈಗ ಕೊಡು."

ನೇತ್ರಾ ಎಲೆಗಳನ್ನು ತಗೊಳ್ಳಲು ಬಲಗೈ ಚಾಚಿದಳು.

ಕಸ್ತೂರೆವ್ವ ಆ ಕೈಯನ್ನು ಬದಿಗೆ ಸರಿಸಿದಳು. ಎಡಗೈಯನ್ನು ಎಳೆದು, ಅಂಗೈ ಬಿಡಿಸಿ, ಅದರಲ್ಲಿ ಎಲೆಗಳನ್ನು ಇಟ್ಟಳು. ಆಮೇಲೆ ಅದರ ಮುಂದೆ ತನ್ನ ಬಲಗೈ ಒಡ್ಡಿದಳು.

"ಈ ಕೈಲೆ ಕೊಡು," ಎಂದಳು.